ಪ್ರಶ್ನಾರ್ಥಕ ಚಿಹ್ನೆಯಾದ ಹೆಸರುಗಳು



ಊರು ಬಿಟ್ಟು ಬಂದು, ಮಹಾನಗರಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಅನ್ನ ಸಂಪಾದಿಸುವವರು ನಿಮ್ಮಲ್ಲಿ ಅನೇಕರಿದ್ದೀರಿ. ನಾನೂ ಅವರಲ್ಲೊಬ್ಬ, ವೆಬ್‌ಸೈಟ್ ಕಟ್ಟುವುದು ನನ್ನ ಕಸುಬು. ಈ ಕಸುಬು ಕಲಿಸಿದ ಒಂದು ಪಾಠವನ್ನು ಇಂದು ನಿಮ್ಮ ಮುಂದಿಡುತ್ತೇನೆ.

2012ರಲ್ಲಿ ಪುಣೆಯ ಕನ್ನಡಿಗರ ಸಂಘವೊಂದರ ವೆಬ್‌ಸೈಟನ್ನು ಹೊಸ ಸರ್ವರ್‌ಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ರಾತ್ರಿ ಕೆಲಸ ಮುಗಿಸಿ, ಮುಖಪುಟವನ್ನಷ್ಟೇ ನೋಡಿ, ಹಳೆಯದನ್ನು ಅಳಿಸಿ ಮಲಗಿಬಿಟ್ಟೆ. ಬೆಳಗ್ಗೆ ಕಾರ್ಯದರ್ಶಿ ರಾಯರ ಫೋನು: "ಏನಪ್ಪಾ, ಸದಸ್ಯರ ಪಟ್ಟಿಯಲ್ಲಿ ಹೆಸರುಗಳೇ ಇಲ್ಲ. ಬರೀ ಪ್ರಶ್ನಾರ್ಥಕ ಚಿಹ್ನೆ!"

ಕಾರಣ ತೀರ ಚಿಕ್ಕದು. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. 'ಕನ್ನಡ' ಎಂಬ ಪದಕ್ಕೇ 15 ಬೈಟ್. ಆದರೆ ನಾನು ಬಳಸಿದ ಮೈಎಸ್‌ಕ್ಯೂಎಲ್ ಡೇಟಾಬೇಸ್, ನಾವಾಗಿ ಬೇರೆ ಹೇಳದಿದ್ದರೆ, ಇಂಗ್ಲಿಷಿನಂಥ ಭಾಷೆಗಳಿಗೆ ಸಾಕಾಗುವ ಲ್ಯಾಟಿನ್-1 ಕ್ರಮವನ್ನೇ ಹಿಡಿಯುತ್ತಿತ್ತು. ಆ ಪದ್ಧತಿ ಬದಲಾದದ್ದು 2018ರ 8.0 ಆವೃತ್ತಿಯಲ್ಲಿ. ತನಗೆ ತಿಳಿಯದ ಅಕ್ಷರದ ಜಾಗದಲ್ಲಿ ಅದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿತು. ಹಾಗೆ ಹೋದ ಅಕ್ಷರ ಮತ್ತೆ ಬರುವುದಿಲ್ಲ.

ಬ್ಯಾಕಪ್ ಇರಲಿಲ್ಲವೇ ಎನ್ನುತ್ತೀರಾ? ಇತ್ತು. ಪ್ರತಿ ರಾತ್ರಿ ತಾನಾಗಿಯೇ ಆಗುತ್ತಿತ್ತು. ತೆರೆದು ನೋಡಿದರೆ ಎಲ್ಲ ಫೈಲುಗಳೂ ಖಾಲಿ! ಅದುವರೆಗೆ ಒಮ್ಮೆಯೂ ನಾನು ತೆರೆದು ನೋಡಿರಲಿಲ್ಲ.

ಸರ್ವರ್ ಮೇಲೆ ತಪ್ಪು ಹೊರಿಸಿ ಜಾರಿಕೊಳ್ಳಬಹುದಿತ್ತು, ರಾಯರಿಗೆ ತಿಳಿಯುತ್ತಿರಲಿಲ್ಲ. ಆದರೆ ಆ ಪಟ್ಟಿಯಲ್ಲಿ ತೀರಿಕೊಂಡ ಹಿರಿಯರ ಹೆಸರುಗಳೂ ಇದ್ದವು. "ರಾಯರೇ, ತಪ್ಪು ನನ್ನದು" ಎಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, "ಅಚ್ಚು ಹಾಕಿಸಿದ ಹಳೇ ಪಟ್ಟಿ ನಮ್ಮ ಮನೆ ಕಪಾಟಿನಲ್ಲಿದೆ, ಬಾರಪ್ಪ" ಎಂದರು. ಎರಡು ಭಾನುವಾರ ಅವರು ಓದಿ ಹೇಳಿದರು, ನಾನು ಟೈಪು ಮಾಡಿದೆ. ಅಂದು ನಾನು ಸುಳ್ಳು ಹೇಳಿದ್ದರೆ ಆ ಕಪಾಟು ತೆರೆಯುತ್ತಿತ್ತೋ ಇಲ್ಲವೋ!

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ನೆಚ್ಚಿಕೊಂಡಿದ್ದ ಬ್ಯಾಕಪ್‌ಗಳು ಕೈಕೊಟ್ಟವು. ಸುಮಾರು 6 ಗಂಟೆ ಹಿಂದಿನ ಒಂದು ಪ್ರತಿ ಅದೃಷ್ಟವಶಾತ್ ಉಳಿದಿತ್ತು. ಆ ಸಂಸ್ಥೆ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಜನರ ಮುಂದಿಟ್ಟಿತು.

ಹಾಗಾಗಿ ಸ್ನೇಹಿತರೇ, ಮೂರು ಮಾತು ನೆನಪಿಡಿ. ಒಂದು, ಮರಳಿ ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಎರಡು, ಕೆಲಸ ಮುಗಿಯಿತು ಎನ್ನುವ ಮೊದಲು ಒಂದು ಕನ್ನಡದ ಹೆಸರು ಬರೆದು, ಉಳಿಸಿ, ಮತ್ತೆ ತೆರೆದು ನೋಡಿ. ಮೂರು, ತಪ್ಪಾದರೆ ಮೊದಲು ನೀವೇ ಹೇಳಿ.

ಮನೆಯ ಫೋಟೋಗಳಿಗೂ ಇದೇ ಮಾತು. ಬರುವ ಭಾನುವಾರ ನಿಮ್ಮ ಬ್ಯಾಕಪ್ಪನ್ನು ಒಮ್ಮೆ ತೆರೆದು ನೋಡುತ್ತೀರಲ್ಲವೇ?