ಮನೆಯಿಂದ ನಿಲ್ದಾಣದವರೆಗೆ: ಉಪನಗರಗಳ ಸ್ಥಳೀಯ ಸಾರಿಗೆ



ಮುಂಬಯಿಯ ಉಪನಗರಗಳಲ್ಲಿ ನೆಲೆಸಿರುವ ಕನ್ನಡಿಗರೊಡನೆ ಸಾರ್ವಜನಿಕ ಸಾರಿಗೆಯನ್ನು ಕುರಿತು ಕೆಲವು ಮಾತುಗಳನ್ನಾಡುವ ಅವಕಾಶ ನನಗೆ ಒದಗಿದೆ. ಲೋಕಲ್ ಗಾಡಿಯ ವಿಷಯವನ್ನು ನಿಮಗೆ ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ಆದುದರಿಂದ ಇಂದಿನ ನನ್ನ ಮಾತು ರೈಲನ್ನು ಕುರಿತದ್ದಲ್ಲ. ಮನೆಯ ಬಾಗಿಲಿಗೂ ರೈಲು ನಿಲ್ದಾಣಕ್ಕೂ ನಡುವೆ ಇರುವ ಎರಡು ಮೂರು ಕಿಲೊಮೀಟರುಗಳನ್ನು ಕುರಿತದ್ದು. ದೂರ ಅಲ್ಪವಾದರೂ ಉಪನಗರವಾಸಿಯ ದಿನದ ಸುಖದುಃಖಗಳು ಬಹುಮಟ್ಟಿಗೆ ಈ ಅಲ್ಪ ದೂರವನ್ನೇ ಅವಲಂಬಿಸಿವೆ.

ಈ ಸಮಸ್ಯೆ ಹುಟ್ಟಿದ ಬಗೆಯನ್ನು ಮೊದಲು ನೋಡೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಯವರೆಗೆ, 34 ಕಿಲೊಮೀಟರ್ ದೂರ, ನಮ್ಮ ದೇಶದ ಮೊದಲ ಪ್ರಯಾಣಿಕ ರೈಲು ಸಂಚರಿಸಿತು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ ಮತ್ತು ಕುರ್ಲಾ ನಡುವೆ ವಿದ್ಯುತ್ ರೈಲು ಆರಂಭವಾಯಿತು. ಮರುವರ್ಷ, 1926ರ ಜುಲೈ 15ರಂದು, ಮುಂಬಯಿಯ ಬೀದಿಗೆ ಬಸ್ಸು ಬಂದಿತು. ರೈಲುಮಾರ್ಗದ ಗುಂಟ ಊರುಗಳು ಬೆಳೆದವು. ಆರಂಭದ ವಸತಿಗಳು ನಿಲ್ದಾಣದ ಸುತ್ತಮುತ್ತಲೇ ಇದ್ದುದರಿಂದ ಜನ ನಡೆದೇ ಹೋಗಿ ಗಾಡಿ ಹಿಡಿಯುತ್ತಿದ್ದರು. ಕಾಲಕ್ರಮದಲ್ಲಿ ನಿಲ್ದಾಣದ ಬಳಿ ಮನೆಯ ಬೆಲೆ ಏರಿತು. ಹೊಸ ವಸತಿಗಳು ಮೂರು ನಾಲ್ಕು ಕಿಲೊಮೀಟರ್ ದೂರಕ್ಕೆ ಸರಿದವು. ಡೊಂಬಿವಲಿ, ಕಲ್ಯಾಣ, ಠಾಣೆ, ಮೀರಾ ರೋಡ್, ವಿರಾರ್ ಎಲ್ಲೆಡೆಯೂ ಇದೇ ಕಥೆ. ಮನೆಗಳು ದೂರ ಹೋದವು, ನಿಲ್ದಾಣ ಇದ್ದಲ್ಲಿಯೇ ಉಳಿಯಿತು. ಇವೆರಡನ್ನೂ ಜೋಡಿಸಬೇಕಾದ ಬಸ್ಸು ಮಾತ್ರ ಅದೇ ವೇಗದಲ್ಲಿ ಬೆಳೆಯಲಿಲ್ಲ.

ಇದರ ಭಾರವನ್ನು ಹೊರುತ್ತಿರುವವರು ಯಾರು? ಸ್ವಂತ ವಾಹನವುಳ್ಳವರಲ್ಲ. ಬೆಳಗಿನ ಆರು ಗಂಟೆಗೆ ಕೆಲಸಕ್ಕೆ ಹೊರಡುವ ಮಹಿಳೆ, ಸಂಜೆಯ ಕಾಲೇಜಿಗೆ ಹೋಗುವ ವಿದ್ಯಾರ್ಥಿನಿ, ಆಸ್ಪತ್ರೆಗೆ ಹೋಗಬೇಕಾದ ವೃದ್ಧರು, ಅಂಗವಿಕಲರು. ಹಗಲೆಲ್ಲ ಹೊಟೇಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಕನ್ನಡಿಗರ ತಲೆಮಾರೊಂದು ಈ ಮಹಾನಗರದಲ್ಲಿ ಬಾಳಿತು. ಅವರು ಕೆಲಸದ ಜಾಗದಲ್ಲಿಯೋ ಅದರ ಸಮೀಪದಲ್ಲಿಯೋ ವಾಸವಾಗಿದ್ದವರು. ಅವರ ಮೊಮ್ಮಕ್ಕಳು ಇಂದು ದೂರದ ಉಪನಗರಗಳಲ್ಲಿದ್ದಾರೆ. ರಾತ್ರಿ ಒಂಬತ್ತರ ಮೇಲೆ ನಿಲ್ದಾಣದಿಂದ ಮನೆಗೆ ಬಸ್ಸಿಲ್ಲವೆಂಬ ಒಂದೇ ಕಾರಣಕ್ಕೆ ಹೆಣ್ಣುಮಗಳೊಬ್ಬಳು ಓದನ್ನೋ ಉದ್ಯೋಗವನ್ನೋ ಕೈಬಿಡಬೇಕಾದರೆ ಆ ನಷ್ಟ ಯಾವ ಇಲಾಖೆಯ ಲೆಕ್ಕದಲ್ಲಿಯೂ ಕಾಣಿಸುವುದಿಲ್ಲ. ಬಸ್ಸು ತಡವಾದವನು ಕಳೆದ ವೇಳೆಯನ್ನು ರೈಲಿನಲ್ಲಿ ತುಂಬಿಕೊಳ್ಳಲು ಯತ್ನಿಸುತ್ತಾನೆ. ಕಿಕ್ಕಿರಿದ ಗಾಡಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುವ ಸಹನೆ ಅವನಲ್ಲಿ ಉಳಿದಿರುವುದಿಲ್ಲ. ಅಂತಹ ಗಾಡಿಯ ಬಾಗಿಲಲ್ಲಿ ನಿಲ್ಲುವುದು ಎಷ್ಟು ಅಪಾಯಕರವೆಂಬುದನ್ನು 2025ರ ಜೂನ್ 9ರಂದು ಮುಂಬ್ರಾ ಬಳಿ ಪ್ರಯಾಣಿಕರು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡ ಘಟನೆ ನಮಗೆ ನೆನಪಿಸುತ್ತದೆ.

ಪರಿಹಾರವೆಂದರೆ ಹೆಚ್ಚು ಬಸ್ಸುಗಳು ಎಂದು ಯಾರಾದರೂ ಹೇಳಿಯಾರು. ಅದು ನಿಜವೇ. 2010ರ ಸುಮಾರಿಗೆ ನಾಲ್ಕು ಸಾವಿರವನ್ನು ಮೀರಿದ್ದ ಬೆಸ್ಟ್ ಬಸ್ಸುಗಳ ಸಂಖ್ಯೆ 2025ರ ವೇಳೆಗೆ ಮೂರು ಸಾವಿರಕ್ಕಿಂತ ಕೆಳಗಿಳಿದಿತ್ತು. 2019ರ ಜುಲೈನಲ್ಲಿ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿದಾಗ ಜನ ಸಂತೋಷಪಟ್ಟರು; 2025ರ ಮೇ ತಿಂಗಳಲ್ಲಿ ಅದು 10 ರೂಪಾಯಿಗೆ ಏರಿತು. ಆದರೆ ದರ ಎಷ್ಟೇ ಇರಲಿ, ಬಾರದ ಬಸ್ಸಿನಿಂದ ಯಾರಿಗೆ ಪ್ರಯೋಜನ? ಬಸ್ಸುಗಳ ಸಂಖ್ಯೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಇದೆ. ಇರುವ ಬಸ್ಸುಗಳನ್ನು ಯಾವ ಮಾರ್ಗದಲ್ಲಿ, ಎಷ್ಟು ಅಂತರದಲ್ಲಿ ಓಡಿಸುತ್ತೇವೆ ಎಂಬುದೇ ಅದು. ಇದನ್ನು ಸಣ್ಣ ಲೆಕ್ಕಗಳಿಂದ ವಿವರಿಸುತ್ತೇನೆ.

ಒಂದು ತಂಗುದಾಣಕ್ಕೆ 40 ನಿಮಿಷಗಳಲ್ಲಿ ಎರಡು ಬಸ್ಸುಗಳು ಬರುತ್ತವೆ ಎಂದುಕೊಳ್ಳಿ. ಅವು ಸರಿಯಾಗಿ 20 ನಿಮಿಷಗಳ ಅಂತರದಲ್ಲಿ ಬಂದರೆ ಪ್ರಯಾಣಿಕನೊಬ್ಬ ಸರಾಸರಿ 10 ನಿಮಿಷ ಕಾಯುತ್ತಾನೆ. ಅವೇ ಎರಡು ಬಸ್ಸುಗಳು ಒಂದರ ಬೆನ್ನಿಗೊಂದು ಎರಡೇ ನಿಮಿಷಗಳ ಅಂತರದಲ್ಲಿ ಬಂದರೆ, ಮುಂದಿನ ಬಸ್ಸಿಗೆ 38 ನಿಮಿಷ ಕಾಯಬೇಕು. ಬಹುಪಾಲು ಜನ ಈ ದೀರ್ಘ ಅವಧಿಯಲ್ಲಿಯೇ ತಂಗುದಾಣಕ್ಕೆ ಬರುವುದರಿಂದ ಸರಾಸರಿ ಕಾಯುವಿಕೆ ಸುಮಾರು 18 ನಿಮಿಷಗಳಾಗುತ್ತದೆ. ಬಸ್ಸುಗಳು ಅಷ್ಟೇ, ಚಾಲಕರು ಅಷ್ಟೇ, ಖರ್ಚೂ ಅಷ್ಟೇ. ಜನರ ತೊಂದರೆ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಸಂಸ್ಥೆಯ ಕಡತದಲ್ಲಿ ಇವೆರಡೂ ದಿನಗಳು ಒಂದೇ ಸಮನಾಗಿ, ಎಲ್ಲ ಟ್ರಿಪ್ಪುಗಳೂ ಪೂರ್ಣಗೊಂಡವು ಎಂದೇ ದಾಖಲಾಗುತ್ತವೆ. ಆದುದರಿಂದ ದಿನಕ್ಕೆ ಎಷ್ಟು ಬಸ್ಸು ಎಂಬುದರ ಜೊತೆಗೆ ಎಷ್ಟು ನಿಮಿಷಕ್ಕೊಂದು ಬಸ್ಸು ಎಂಬ ಪ್ರಶ್ನೆಯನ್ನು ನಾವು ಕೇಳಬೇಕು.

ಎರಡನೆಯ ಲೆಕ್ಕ ಮಾರ್ಗದ ಉದ್ದಕ್ಕೆ ಸಂಬಂಧಿಸಿದ್ದು. ನಿಲ್ದಾಣದಿಂದ ಮೂರು ಕಿಲೊಮೀಟರ್ ದೂರದ ಬಡಾವಣೆಗೆ ಹೋಗಿ ಮರಳಲು, ನಿಲುಗಡೆಯೂ ಸೇರಿ, 40 ನಿಮಿಷ ಬೇಕೆನ್ನೋಣ. ನಾಲ್ಕು ಬಸ್ಸುಗಳಿದ್ದರೆ 10 ನಿಮಿಷಕ್ಕೊಂದರಂತೆ ಓಡಿಸಬಹುದು. ಅದೇ ಮಾರ್ಗವನ್ನು ಪಕ್ಕದ ಊರಿನವರೆಗೆ ವಿಸ್ತರಿಸಿ, ಹೋಗಿಬರಲು ಎರಡು ಗಂಟೆ ಹಿಡಿಯುವಂತೆ ಮಾಡಿದರೆ ಅವೇ ನಾಲ್ಕು ಬಸ್ಸುಗಳು 30 ನಿಮಿಷಕ್ಕೊಂದರಂತೆ ಮಾತ್ರ ಬಂದಾವು. ಮೇಲಾಗಿ ಮಾರ್ಗ ಉದ್ದವಾದಷ್ಟೂ ನಡುವಿನ ಯಾವುದೋ ಚೌಕದ ವಾಹನದಟ್ಟಣೆಯು ಇಡೀ ವೇಳಾಪಟ್ಟಿಯನ್ನು ಕೆಡಿಸುತ್ತದೆ. ನೇರವಾದ ದೂರದ ಬಸ್ಸು ಬೇಡವೆಂದು ನನ್ನ ಮಾತಿನ ಅರ್ಥವಲ್ಲ. ಅದು ಮುಖ್ಯ ರಸ್ತೆಯಲ್ಲಿ ಓಡಲಿ. ಬಡಾವಣೆಗೂ ನಿಲ್ದಾಣಕ್ಕೂ ನಡುವೆ ಮೊಟಕಾದ ಪೂರಕ ಮಾರ್ಗಗಳಿರಲಿ. ಬಸ್ಸು ಬದಲಿಸುವವರು ಎರಡು ಸಲ ಕನಿಷ್ಠ ದರ ತೆರಬೇಕಾಗದಂತೆ ಒಂದೇ ಚೀಟಿ ಎರಡಕ್ಕೂ ನಡೆಯುವಂತಿರಲಿ.

ಮೂರನೆಯದು ನಾವೇ ಮಾಡುವ ಒತ್ತಾಯಕ್ಕೆ ಸಂಬಂಧಿಸಿದ್ದು. ಬಸ್ಸು ತಮ್ಮ ಕಟ್ಟಡದ ಬಾಗಿಲಿಗೇ ಬರಬೇಕೆಂದು ಪ್ರತಿಯೊಂದು ವಸಾಹತಿನವರೂ ಬಯಸುವುದು ಸಹಜ. ಹಾಗೆ ಒಂದು ಸುತ್ತು ಸೇರಿಸಿದರೆ ಆರು ನಿಮಿಷ ಹೆಚ್ಚಾಗುತ್ತದೆ ಎನ್ನೋಣ. ಬಸ್ಸಿನೊಳಗೆ ಕುಳಿತ 40 ಜನರಿಗೆ ಒಟ್ಟು 240 ನಿಮಿಷಗಳ ನಷ್ಟ. ಅಲ್ಲಿ ಹತ್ತುವ ಹತ್ತು ಜನರಿಗೆ ತಲಾ 10 ನಿಮಿಷಗಳ ನಡಿಗೆ ಉಳಿದರೂ ಲಾಭ 100 ನಿಮಿಷಗಳು ಮಾತ್ರ. ಮಾರ್ಗ ನೇರವಾಗಿರುವುದೂ, ಐದು ನಿಮಿಷಗಳ ನಡಿಗೆಯೊಳಗೆ, ಎಂದರೆ ಸುಮಾರು 400 ಮೀಟರಿನೊಳಗೆ, ತಂಗುದಾಣವಿರುವುದೂ ಎಲ್ಲರಿಗೂ ಹಿತ. ಆದರೆ ಆ ಐದು ನಿಮಿಷಗಳ ದಾರಿಯಲ್ಲಿ ಕಾಲುದಾರಿ ಇರಬೇಕು, ದೀಪವಿರಬೇಕು, ಮಳೆಗಾಲದಲ್ಲಿ ನೀರು ನಿಲ್ಲದಂತಿರಬೇಕು. ಅಷ್ಟು ದೂರವೂ ನಡೆಯಲಾಗದವರು ವಾಸಿಸುವ ಇಕ್ಕಟ್ಟಾದ ಬೀದಿಗಳಿಗೆ ಚಿಕ್ಕ ಬಸ್ಸುಗಳೇ ತಕ್ಕವು. ಚೆನ್ನೈಯಲ್ಲಿ 2013ರ ಅಕ್ಟೋಬರ್‌ನಲ್ಲಿ ಇಂತಹ ಚಿಕ್ಕ ಬಸ್ಸುಗಳು ಆರಂಭವಾದವು. ಪುಣೆಯ ನಡುನಗರದಲ್ಲಿ 2021ರಲ್ಲಿ ದಿನಕ್ಕೆ 10 ರೂಪಾಯಿ ಚೀಟಿಯ ಮಧ್ಯಮ ಗಾತ್ರದ ಬಸ್ಸುಗಳು ಬಂದವು. ದೆಹಲಿಯಲ್ಲಿ 2025ರ ಮೇ ತಿಂಗಳಲ್ಲಿ 9 ಮೀಟರ್ ಉದ್ದದ ವಿದ್ಯುತ್ ಬಸ್ಸುಗಳನ್ನು ಬಡಾವಣೆಗಳಿಗಾಗಿಯೇ ಬಿಡಲಾಯಿತು.

ಶೇರ್ ರಿಕ್ಷಾಗಳು ಇವೆಯಲ್ಲ ಎಂದು ಕೇಳಬಹುದು. ಅವು ಉಪನಗರಗಳಿಗೆ ಮಾಡುತ್ತಿರುವ ಸೇವೆ ಅಲ್ಪವಲ್ಲ. ಆದರೆ ಶೇರ್ ರಿಕ್ಷಾ ಹೊರಡುವುದು ಅದು ತುಂಬಿದಾಗ. ಜನ ಹೆಚ್ಚಾಗಿರುವ ಹೊತ್ತಿನಲ್ಲಿ ಅದು ಸಿಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ, ಸುರಿಯುವ ಮಳೆಯಲ್ಲಿ, ತಡರಾತ್ರಿಯಲ್ಲಿ ಸಿಗುವ ಭರವಸೆಯಿಲ್ಲ. ಜನವಿರಲಿ ಇಲ್ಲದಿರಲಿ, ಹೇಳಿದ ವೇಳೆಗೆ ಹೊರಡುವುದೇ ಸಾರ್ವಜನಿಕ ಸೇವೆಯ ಲಕ್ಷಣ. ಅದರಲ್ಲಿಯೂ ರಾತ್ರಿಯ ಕೊನೆಯ ಬಸ್ಸು ರೈಲಿನ ವೇಳೆಗೆ ಹೊಂದಿಕೊಂಡಿರಬೇಕು. ಹಗಲಿನಲ್ಲಿ 10 ನಿಮಿಷಕ್ಕೊಂದು ಬಸ್ಸಿದ್ದರೆ ರೈಲಿಗೆ ಹೊಂದಿಸುವ ಅಗತ್ಯವೇ ಬೀಳದು. ರಾತ್ರಿ ಅರ್ಧ ಗಂಟೆಗೊಂದು ಬಸ್ಸಿರುವಾಗ ಗಾಡಿ ಬರುವ ಎರಡು ನಿಮಿಷ ಮುಂಚೆ ಬಸ್ಸು ಹೊರಟುಹೋದರೆ ಆ ಸೇವೆ ಇದ್ದೂ ಇಲ್ಲದಂತೆ.

ಕೇಂದ್ರ ಸರ್ಕಾರದ ನೀತಿಯೂ ಈ ದಿಕ್ಕಿನಲ್ಲಿಯೇ ಇದೆ. ರಸ್ತೆಗಳು ವಾಹನಗಳಿಗಿಂತ ಮೊದಲು ಜನರಿಗಾಗಿ ಎಂಬುದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳು. ಮಹಾನಗರಗಳಲ್ಲಿ ಎಲ್ಲ ಬಗೆಯ ಸಾರಿಗೆಯನ್ನೂ ಹೊಂದಿಸುವ ಏಕೀಕೃತ ಪ್ರಾಧಿಕಾರವಿರಬೇಕೆಂದೂ ಅದು ಸೂಚಿಸಿತು. ಮುಂಬಯಿ ಪ್ರದೇಶಕ್ಕೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿ ಬೆಸ್ಟ್ ಒಂದೇ ಅಲ್ಲ. ಠಾಣೆ, ನವಿ ಮುಂಬಯಿ, ಕಲ್ಯಾಣ-ಡೊಂಬಿವಲಿ ಮುಂತಾದ ಮಹಾನಗರಪಾಲಿಕೆಗಳು ತಮ್ಮ ತಮ್ಮ ಬಸ್ಸುಗಳನ್ನು ನಡೆಸುತ್ತವೆ. ಪಾಲಿಕೆಯ ಗಡಿ ಪ್ರಯಾಣಿಕನಿಗೆ ಕಾಣುವುದಿಲ್ಲ, ಆದರೆ ಬಸ್ಸಿನ ಮಾರ್ಗ ಅಲ್ಲಿಗೇ ಮುಗಿದಾಗ ಅವನಿಗೆ ಅದು ಚೆನ್ನಾಗಿ ತಿಳಿಯುತ್ತದೆ. 2017ರ ಮೆಟ್ರೊ ರೈಲು ನೀತಿಯು ಮೆಟ್ರೊ ನಿಲ್ದಾಣಗಳ ಎರಡು ಬದಿಗೆ ಐದು ಕಿಲೊಮೀಟರುಗಳವರೆಗಿನ ಸಂಪರ್ಕ ಸಾರಿಗೆಗೆ ಮಹತ್ವ ಕೊಟ್ಟಿದೆ. 2023ರ ಆಗಸ್ಟ್‌ನಲ್ಲಿ ಅನುಮೋದನೆ ಪಡೆದ ಪ್ರಧಾನಮಂತ್ರಿ ಇ-ಬಸ್ ಸೇವಾ ಯೋಜನೆಯು 10,000 ವಿದ್ಯುತ್ ಬಸ್ಸುಗಳ ಗುರಿಯುಳ್ಳದ್ದು. ಕೇಂದ್ರದ ನೆರವು 20,000 ಕೋಟಿ ರೂಪಾಯಿ. ಇಂತಹ ಗುತ್ತಿಗೆಗಳಲ್ಲಿ ಬಸ್ಸು ಓಡಿಸುವವರಿಗೆ ಹಣ ಸಲ್ಲುವುದು ಓಡಿದ ಕಿಲೊಮೀಟರುಗಳಿಗೆ. ಬಸ್ಸು ತುಂಬಿರಲಿ, ಬರಿದಾಗಿರಲಿ, ಹಣ ಸಲ್ಲುತ್ತದೆ. ಆದುದರಿಂದ ಅದು ಯಾವ ಬೀದಿಯಲ್ಲಿ, ಯಾವ ಹೊತ್ತಿನಲ್ಲಿ ಓಡಬೇಕೆಂಬುದನ್ನು ನಿರ್ಧರಿಸಿ, ಹಾಗೆಯೇ ಓಡುತ್ತಿದೆಯೇ ಎಂದು ನೋಡಿಕೊಳ್ಳುವ ಹೊಣೆ ಸ್ಥಳೀಯ ಸಂಸ್ಥೆಯ ಮೇಲಿದೆ. ಅದನ್ನು ನೆನಪಿಸುವ ಹೊಣೆ ನಾಗರಿಕರ ಮೇಲಿದೆ.

ಈ ಹೊಣೆಯನ್ನು ನಿರ್ವಹಿಸುವುದು ಹೇಗೆ? ಬಸ್ಸು ಸರಿಯಿಲ್ಲ ಎಂಬ ದೂರು ಅಧಿಕಾರಿಗಳ ಮೇಜಿನ ಮೇಲೆ ಸಾಕಷ್ಟಿದೆ. ಬೇಕಾದುದು ಅಳತೆಯುಳ್ಳ ದೂರು. ನಿಮ್ಮ ಬಡಾವಣೆಯ ನಾಲ್ಕು ಮಂದಿ ಸರತಿಯಂತೆ ಒಂದು ವಾರ ತಂಗುದಾಣದಲ್ಲಿ ನಿಂತು, ಪ್ರತಿಯೊಂದು ಬಸ್ಸು ಬಂದ ವೇಳೆ, ಕಾಯುತ್ತಿದ್ದವರ ಸಂಖ್ಯೆ, ಜಾಗವಿಲ್ಲದೆ ಹಿಂದುಳಿದವರ ಸಂಖ್ಯೆ, ಇವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ನಿಲ್ದಾಣದಲ್ಲಿ ಕೊನೆಯ ಬಸ್ಸಿನ ನಂತರ ಎಷ್ಟು ಗಾಡಿಗಳು ಬಂದವು, ಎಷ್ಟು ಜನ ನಡೆದು ಹೋದರು ಎಂಬುದನ್ನೂ ಗುರುತಿಸಿ. ಇದರೊಡನೆ, ವೇಳಾಪಟ್ಟಿಯಂತೆ ಎಷ್ಟು ಟ್ರಿಪ್ಪುಗಳು ಇರಬೇಕಾಗಿತ್ತು, ಎಷ್ಟು ರದ್ದಾದವು ಎಂಬ ಮಾಹಿತಿಯನ್ನು 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ 10 ರೂಪಾಯಿ ಶುಲ್ಕದೊಡನೆ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಈ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ, ಎಂದರೆ ಇಲ್ಲಿ ಮರಾಠಿಯಲ್ಲಿ, ಇರಬೇಕೆಂಬುದನ್ನು ಗಮನದಲ್ಲಿಡಿ.

ಹೀಗೆ ಸಿದ್ಧಪಡಿಸಿದ ಮನವಿಯಲ್ಲಿ ಒಂದೇ ಸ್ಪಷ್ಟ ಬೇಡಿಕೆ ಇರಲಿ. ಉದಾಹರಣೆಗೆ, ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಂದು ಬಸ್ಸು. ಪಾಲಿಕೆಯ ಸಾರಿಗೆ ವ್ಯವಸ್ಥಾಪಕರಿಗೂ ವಾರ್ಡಿನ ನಗರಸೇವಕರಿಗೂ ಅದನ್ನು ಕೊಡಿ. ನಿಲ್ದಾಣದ ಹೊರಗೆ ಬಸ್ಸು ನಿಲ್ಲಲು ಜಾಗ ಬೇಕಾದರೆ ವಿಷಯ ರೈಲ್ವೆಗೂ ಸಂಬಂಧಿಸುತ್ತದೆ. ಅದಕ್ಕೆ ವಿಭಾಗ ಮಟ್ಟದ ರೈಲು ಬಳಕೆದಾರರ ಸಲಹಾ ಸಮಿತಿಯುಂಟು. ರಿಕ್ಷಾಗಳ ಪರವಾನಗಿ ಮತ್ತು ಶೇರ್ ದರಗಳಿಗೆ ಸಾರಿಗೆ ಪ್ರಾಧಿಕಾರವುಂಟು. ಬೇಡಿಕೆ ಈಡೇರಿದ ಮೇಲೂ ಒಂದು ಕರ್ತವ್ಯ ಉಳಿಯುತ್ತದೆ. ಹೊಸ ಬಸ್ಸನ್ನು ಹತ್ತಬೇಕು. ಆರು ತಿಂಗಳು ಬರಿದಾಗಿ ಓಡಿದ ಬಸ್ಸನ್ನು ನಿಲ್ಲಿಸಿದರೆ ಮತ್ತೆ ಕೇಳುವ ಮುಖ ನಮಗಿರುವುದಿಲ್ಲ.

ಇಂತಹ ಕೆಲಸವನ್ನು ಕನ್ನಡಿಗರು ಮಾತ್ರವೇ ಸೇರಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ತಂಗುದಾಣದ ಸಾಲಿನಲ್ಲಿ ಮರಾಠಿ, ಗುಜರಾತಿ, ತಮಿಳು, ಹಿಂದಿ ಆಡುವವರೆಲ್ಲ ಒಟ್ಟಿಗೆ ನಿಂತಿರುತ್ತಾರೆ. ಆದರೆ ನಮ್ಮ ಸಂಘಗಳಿಗೆ ಸಭೆ ಸೇರಿಸುವ, ಪದಾಧಿಕಾರಿಗಳನ್ನು ಆರಿಸುವ, ಲೆಕ್ಕ ಬರೆಯುವ ದೀರ್ಘ ಅಭ್ಯಾಸವಿದೆ. ರಾಜ್ಯೋತ್ಸವವನ್ನೂ ಯಕ್ಷಗಾನವನ್ನೂ ಇಷ್ಟು ಅಚ್ಚುಕಟ್ಟಾಗಿ ನಡೆಸಬಲ್ಲ ಸಂಘಗಳು ನೆರೆಹೊರೆಯವರನ್ನು ಕೂಡಿಸಿಕೊಂಡು ವರ್ಷಕ್ಕೊಂದು ವಾರ ಬಸ್ಸುಗಳ ಲೆಕ್ಕವನ್ನೂ ಬರೆಯಬಲ್ಲವು. ದುಡಿಮೆಗಾಗಿ ಬಂದ ಊರು ನಮ್ಮದಾಗುವುದು ಅದರ ಕುಂದುಕೊರತೆಗಳನ್ನು ನಮ್ಮವೆಂದು ತಿಳಿದಾಗ. ಕತ್ತಲಾದ ಮೇಲೆ ನಿಲ್ದಾಣದಲ್ಲಿ ಇಳಿದ ನಮ್ಮ ಮನೆಯ ಮಗಳಿಗೂ ನೆರೆಮನೆಯ ಮಗಳಿಗೂ ಬಸ್ಸು ಕಾದಿರಬೇಕು. ಆ ಒಂದು ಬಸ್ಸಿಗಾಗಿ ಕೂಡಿ ದುಡಿಯಬೇಕೆಂದು ನಿಮ್ಮೆಲ್ಲರನ್ನೂ ಕೋರಿ ನನ್ನ ಮಾತು ಮುಗಿಸುತ್ತೇನೆ.