ಆರು ಮಣಿಗಳ ಮನೆಗುರುತು

ಹೊನ್ನಾಳಿಯ ಸಂತೆಯಲ್ಲಿ ಗುರುತಿಲ್ಲದ ಇಬ್ಬರು ಮಾತಿಗೆ ಕುಳಿತರೆನ್ನಿ. ಹೆಸರು, ಊರು, ಕಸಬು ಒಂದೂ ಕೂಡುವುದಿಲ್ಲ. ಕೊನೆಗೆ, "ನಿಮ್ಮ ಮನೆದೇವರು ಯಾವುದು?" ಎಂಬ ಮಾತು ಬರುತ್ತದೆ. ಇಬ್ಬರದೂ ತೀರ್ಥರಾಮೇಶ್ವರ, ಬೆಡಗೂ ಒಂದೇ ಎಂದು ತಿಳಿದರೆ, "ಹಾಗಾದರೆ ನಾವು ಅಣ್ಣತಮ್ಮಂದಿರಾಗಬೇಕು" ಎಂದು ಎಲೆಯಡಿಕೆಯ ಚೀಲ ಬಿಚ್ಚುತ್ತಾರೆ. ಜೀವಕೋಶದೊಳಗಿನ ಕುಲಗಳನ್ನು ವಿಜ್ಞಾನಿಗಳು ಪತ್ತೆಹಚ್ಚುವುದೂ ಹೆಚ್ಚುಕಡಿಮೆ ಹೀಗೆಯೇ.

ಜೀವಕೋಶದಲ್ಲಿ ರೈಬೋಸೋಮ್ ಎಂಬ ಅತಿ ಸೂಕ್ಷ್ಮ ಕಾರ್ಖಾನೆಗಳುಂಟು. ಪ್ರೋಟೀನುಗಳು ತಯಾರಾಗುವುದು ಅಲ್ಲಿ. ಆ ಕಾರ್ಖಾನೆಯ ಕಟ್ಟಡದಲ್ಲಿಯೂ ಹತ್ತಾರು ಪ್ರೋಟೀನುಗಳಿವೆ. ಮನುಷ್ಯನಲ್ಲಿ ಅವು 80. ಪ್ರೋಟೀನೆಂದರೆ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಕ್ಷಯದ ರೋಗಾಣುವಿನ ರೈಬೋಸೋಮಿನಲ್ಲಿ ಎಸ್-12 ಎಂಬ ಸರಕ್ಕೆ 124 ಮಣಿ. ಮನುಷ್ಯನಲ್ಲಿ ಎಸ್-23 ಎಂಬುದಕ್ಕೆ 143. ಹೆಸರು ಬೇರೆ, ಉದ್ದ ಬೇರೆ. ಆದರೆ ಎರಡರಲ್ಲಿಯೂ ಒಂದೆಡೆ ಮೊದಲು ಲೈಸೀನ್, ಬಳಿಕ ಯಾವುದೋ ಒಂದು ಮಣಿ, ಆಮೇಲೆ ಪ್ರೋಲೀನ್, ಆಸ್ಪರಜೀನ್, ಸೆರೀನ್, ಅಲನೀನ್ ಇದೇ ಸಾಲಿನಲ್ಲಿ ನಿಂತಿವೆ. ಕೋಟ್ಯಂತರ ವರ್ಷ ಈ ಸಾಲು ಕೆಡಲಿಲ್ಲ. ಕಾರ್ಖಾನೆಗೆ ಬಂದ ಅಪ್ಪಣೆಯನ್ನು ಓದುವ ಜಾಗದಲ್ಲೇ ಅದಿರುವುದು. ಅಲ್ಲಿ ಎಡವಟ್ಟಾದರೆ ಓದೇ ತಪ್ಪೀತು.

ಇಂಥ ಗುರುತುಗಳನ್ನು ಕೂಡಿಡಲು ಅಮೋಸ್ ಬೈರೋಕ್ ಎಂಬವರು 1988ರಲ್ಲಿ 'ಪ್ರೊಸೈಟ್' ಎಂಬ ಭಂಡಾರವನ್ನು ಆರಂಭಿಸಿದರು. ಹೊಸದೊಂದು ಸರ ಸಿಕ್ಕರೆ ಕಂಪ್ಯೂಟರು ಅದರಲ್ಲಿ ಗುರುತನ್ನು ಹುಡುಕುತ್ತದೆ. ಆರೇ ಮಣಿಗಳ ಸಾಲು ಆಕಸ್ಮಿಕವಾಗಿಯೂ ಸಿಕ್ಕೀತು. ಆದ್ದರಿಂದ ಉಳಿದ ಸರವನ್ನೂ ಹೋಲಿಸಿ ನೋಡುವುದು ಕ್ಷೇಮ. ನಂಟಸ್ತಿಕೆಯಲ್ಲಿಯೂ ಬಲ್ಲವರು ಹಾಗೆಯೇ ಮಾಡುತ್ತಾರೆ! 2014ರಲ್ಲಿ ವಿಜ್ಞಾನಿಗಳು ಈ ಎರಡು ಸರಗಳಿಗೂ ಯುಎಸ್-12 ಎಂಬ ಒಂದೇ ಕುಲನಾಮವನ್ನು ಸೂಚಿಸಿದರು.

ಭಂಡಾರದ ಸೂತ್ರದಲ್ಲಿ ಒಂದು ಸಡಿಲುಂಟು. ಮೊದಲ ಮಣಿ ಲೈಸೀನ್ ಇರಬಹುದು, ಆರ್ಜಿನೀನೂ ಇರಬಹುದು. ಸಣ್ಣ ಮಾತಲ್ಲ ಇದು. 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೆ ಸಂಜೀವಿನಿಯಂತೆ ಬಂತು. ಎಷ್ಟೋ ಮನೆಗಳ ಹಿರಿಯರು ತಿಂಗಳುಗಟ್ಟಲೆ ಚುಚ್ಚಿಸಿಕೊಂಡ ಮದ್ದು ಅದು. ರೋಗಾಣುವಿನ ರೈಬೋಸೋಮಿಗೆ ಅಂಟಿಕೊಂಡು ಅದರ ಓದನ್ನು ಕೆಡಿಸುತ್ತದೆ. ಆದರೆ ಎಸ್-12ರ 43ನೆಯ ಮಣಿ, ಅಂದರೆ ನಮ್ಮ ಗುರುತಿನ ಮೊದಲ ಮಣಿಯೇ, ಲೈಸೀನ್ ಹೋಗಿ ಆರ್ಜಿನೀನ್ ಆಯಿತೆನ್ನಿ: ಮದ್ದು ನಾಟುವುದಿಲ್ಲ. ಸೂತ್ರವನ್ನು ಕೇಳಿದರೆ, "ಅದೇ ಮನೆಯವನು" ಎನ್ನುತ್ತದೆ, ಸುಳ್ಳೂ ಅಲ್ಲ. ಆದ್ದರಿಂದಲೇ ಈ ಮದ್ದು ರೋಗಿಗೆ ಹಿಡಿದೀತೇ ಎಂದು ತಿಳಿಯಬೇಕಾದರೆ, ಅವನ ಕಫದಿಂದ ತೆಗೆದ ರೋಗಾಣುವಿನಲ್ಲಿ ಆ ಒಂದು ಮಣಿಯ ಜಾಗವನ್ನೇ ಬೇರೆಯಾಗಿ ಓದಿ ನೋಡುವುದುಂಟು.