ಅಂಕಗಳ ಹಾಳೆಯನ್ನು ಓದುವ ಬಗೆ

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಗ್ಗೆ, ಸಂಜೆ ಡೈರಿಗೆ ಹಾಲು ಹಾಕಿ ಬರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಇಂದು ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂಬುದು ಅಲ್ಲಿ ಲೆಕ್ಕಕ್ಕೆ ಸೇರುತ್ತದೆ. ಒಂದು ದಿನ ಫ್ಯಾಟ್ ಇಳಿದರೆ ಯಾರೂ ಹಸುವನ್ನು ಕೆಟ್ಟದ್ದೆನ್ನುವುದಿಲ್ಲ. ಮೇವೇನು, ಕಾಯಿಲೆಯೇನು ಎಂದು ವಿಚಾರಿಸುತ್ತಾರೆ. ಆದರೆ ಒಂದು ಪರೀಕ್ಷೆಯಲ್ಲಿ ಅಂಕ ಇಳಿದ ಮಗುವನ್ನು ಮಾತ್ರ ದಡ್ಡನೆಂದು ತೀರ್ಮಾನಿಸಿಬಿಡುತ್ತೇವೆ. ಇದೇಕೆ ತಪ್ಪು ಎಂಬುದನ್ನು ಗಣಕಯಂತ್ರದ ಸ್ಪ್ರೆಡ್‌ಶೀಟ್ ಎಂಬ ಸಾಧನದ ಮೂಲಕ ಇಂದು ತಿಳಿಯೋಣ.

ಸ್ಪ್ರೆಡ್‌ಶೀಟ್ ಎಂದರೆ ಚೌಕಾಬಾರದಂತೆ ಮನೆಗಳನ್ನು ಬರೆದ ಹಾಳೆ. ಅದರಲ್ಲಿ ಅಡ್ಡಸಾಲುಗಳೂ ಕಂಬಸಾಲುಗಳೂ ಇರುತ್ತವೆ. ಒಂದು ಮನೆಯ ಸಂಖ್ಯೆ ಬದಲಾದರೆ, ಅದನ್ನು ಅವಲಂಬಿಸಿದ ಮೊತ್ತ, ಸರಾಸರಿಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ಈ ಯೋಚನೆ ಹೊಳೆದದ್ದು ತರಗತಿಯಲ್ಲಿ, ಒಬ್ಬ ವಿದ್ಯಾರ್ಥಿಗೆ! 1978ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಕಪ್ಪುಹಲಗೆಯ ಮೇಲೆ ಒಂದು ಸಂಖ್ಯೆ ತಿದ್ದಿದಾಗಲೆಲ್ಲ ಉಳಿದವನ್ನೂ ಅಳಿಸಿ ಬರೆಯಬೇಕಾದ ಪಾಡನ್ನು ಗಮನಿಸಿದರು. ಅವರೂ ಬಾಬ್ ಫ್ರಾಂಕ್‌ಸ್ಟನ್ನರೂ ಸೇರಿ ರಚಿಸಿದ 'ವಿಸಿಕ್ಯಾಲ್ಕ್' 1979ರಲ್ಲಿ ಹೊರಬಂದಿತು.

ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳೆಂಬ ಪದ್ಧತಿ ನಮ್ಮ ಶಾಲೆಗಳಿಗೆ ಪರಿಚಿತವಾದದ್ದು. ನಾಲ್ಕು ಕಿರುಪರೀಕ್ಷೆಗಳನ್ನೇ ತೆಗೆದುಕೊಳ್ಳೋಣ. ಪ್ರತಿಯೊಂದಕ್ಕೂ 20 ಅಂಕ ಎಂದಿಟ್ಟುಕೊಳ್ಳಿ. ಒಬ್ಬಳ ಅಂಕಗಳು 5, 8, 11, 16. ಇನ್ನೊಬ್ಬನವು 16, 11, 8, 5. ಇಬ್ಬರ ಸರಾಸರಿಯೂ 10. ಸರಾಸರಿಯ ಕಂಬಸಾಲನ್ನಷ್ಟೇ ನೋಡಿದರೆ ಇಬ್ಬರೂ ಸಮಾನರು. ಅಡ್ಡಸಾಲನ್ನು ಓದಿದರೆ ಒಬ್ಬಳು ಮೆಟ್ಟಿಲು ಹತ್ತುತ್ತಿದ್ದಾಳೆ, ಇನ್ನೊಬ್ಬ ಇಳಿಯುತ್ತಿದ್ದಾನೆ. ತುರ್ತಾಗಿ ನೆರವು ಬೇಕಾದವನು ಯಾರೆಂದು ಬೇರೆ ಹೇಳಬೇಕೆ?

ಇನ್ನೊಂದು ಉದಾಹರಣೆ. ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ ಮಾವಿನ ಕಾಲದಲ್ಲಿ ಮನೆಯವರ ಜೊತೆ ತೋಟದ ಕೆಲಸಕ್ಕೆ ಹೋಗಿ ಒಂದು ಪರೀಕ್ಷೆ ತಪ್ಪಿಸಿಕೊಂಡನೆನ್ನಿ. ಬರೆದ ಮೂರರಲ್ಲಿ ಅವನಿಗೆ 12, 14, 13. ಬರೆಯದ ಪರೀಕ್ಷೆಯ ಮನೆಯನ್ನು ಖಾಲಿ ಬಿಟ್ಟರೆ ಸರಾಸರಿಯ ಸೂತ್ರವು ಮೂರನ್ನಷ್ಟೇ ಲೆಕ್ಕ ಹಿಡಿದು 13 ಎನ್ನುತ್ತದೆ. ಅಲ್ಲಿ ಸೊನ್ನೆ ಬರೆದರೆ ಅದೇ ಸೂತ್ರ 9.75 ಎನ್ನುತ್ತದೆ. ಯಂತ್ರ ತಪ್ಪು ಮಾಡಲಿಲ್ಲ. 'ಬರಲಿಲ್ಲ' ಎಂಬುದನ್ನು ನಾವು 'ಬಾರದು' ಎಂದು ಬರೆದೆವು. ಮಾಲೂರಿನ ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದ ಕುಟುಂಬದ ಮಗು ನಡುವರ್ಷದಲ್ಲಿ ಶಾಲೆಗೆ ಸೇರಿದರೂ ಇದೇ ಮಾತು. ಆದ್ದರಿಂದ ಅಂಕದ ಪಕ್ಕದಲ್ಲಿ ಹಾಜರಾತಿಗೂ ಒಂದು ಕಂಬಸಾಲು ಬೇಕು.

ಮೊತ್ತವೂ ಎಷ್ಟೋ ಸಂಗತಿಗಳನ್ನು ಮರೆಮಾಡುತ್ತದೆ. ಮುಳಬಾಗಿಲಿನ ಗಡಿ ಊರುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿದ್ದಾರೆ. ಗಣಿತದ ಅಂಕವನ್ನು 'ಬರಿಯ ಲೆಕ್ಕ', 'ವಾಕ್ಯರೂಪದ ಲೆಕ್ಕ' ಎಂದು ಎರಡು ಕಂಬಸಾಲುಗಳಾಗಿ ಒಡೆದು ನೋಡಿ. ಮೊದಲನೆಯದರಲ್ಲಿ 9, ಎರಡನೆಯದರಲ್ಲಿ 2 ಬಂದರೆ, ಆ ಮಗುವಿಗೆ ಗುಣಾಕಾರ ಬರುತ್ತದೆ. ಪ್ರಶ್ನೆಯ ಭಾಷೆ ತಿಳಿಯದಿರಬಹುದು. ಆಗ ಮಗ್ಗಿ ಬರೆಸುವುದರ ಬದಲು ಪ್ರಶ್ನೆಯನ್ನು ಬಿಡಿಸಿ ಓದಿಸಬೇಕು.

ಎರಡು ಎಚ್ಚರಿಕೆಗಳು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಇಡೀ ಪಟ್ಟಿಯನ್ನು ಆರಿಸಬೇಕು. ಹೆಸರಿನ ಕಂಬಸಾಲನ್ನಷ್ಟೇ ಜೋಡಿಸಿದರೆ ಒಬ್ಬರ ಅಂಕ ಇನ್ನೊಬ್ಬರ ಪಾಲಾಗುತ್ತದೆ. ಎರಡನೆಯದಾಗಿ, ಈ ಹಾಳೆ ಗೋಡೆಗೆ ಅಂಟಿಸುವಂಥದ್ದಲ್ಲ. ಅದು ಶಿಕ್ಷಕರಿಗೂ ಆಯಾ ವಿದ್ಯಾರ್ಥಿಗೂ ಮನೆಯವರಿಗೂ ಸೇರಿದ್ದು.

ರಾಜ್ಯದ ಶಾಲೆಗಳ ವಿದ್ಯಾರ್ಥಿಗಳಿಗೆ 'ಸ್ಯಾಟ್ಸ್' ವ್ಯವಸ್ಥೆಯಲ್ಲಿ ಒಂದೊಂದು ಸಂಖ್ಯೆಯಿದೆ, ದಾಖಲೆಯಿದೆ. ಅದು ಇಲಾಖೆಯ ಲೆಕ್ಕ. ನಿಮ್ಮ ಲೆಕ್ಕ ನಿಮ್ಮ ಬಳಿಯೂ ಇರಲಿ. ಗಣಕಯಂತ್ರವಿಲ್ಲದಿದ್ದರೆ ನೋಟ್‌ಪುಸ್ತಕದ ಒಂದು ಪುಟ ಸಾಕು. ಪಾಠದ ಹೆಸರು, ದಿನಾಂಕ, ಅಂಕ, ಎಡವಿದ್ದು ಎಲ್ಲಿ - ಈ ನಾಲ್ಕು ಕಂಬಸಾಲುಗಳನ್ನು ಇಂದೇ ಎಳೆಯಿರಿ. ಪಕ್ಕದವರ ಸಾಲಿನೊಡನೆ ಹೋಲಿಸಬೇಡಿ. ನಿಮ್ಮ ಕಳೆದ ತಿಂಗಳ ಮನೆಯೊಡನೆ ಹೋಲಿಸಿ. ಕೊನೆಯ ಕಂಬಸಾಲಿನಲ್ಲಿ ಬರೆದದ್ದನ್ನು ಹಿಡಿದು ಗುರುಗಳ ಬಳಿ ಹೋಗಿ, 'ಸಾರ್, ನನಗೆ ಇಲ್ಲಿ ತಿಳಿಯುತ್ತಿಲ್ಲ' ಎಂದು ಕೇಳಿ. ಅವರು ನಿಮಗೆ ಎಲ್ಲಿಂದ ಹೇಳಿಕೊಡಬೇಕೆಂಬುದು ಆ ಒಂದು ಮಾತಿನಿಂದಲೇ ತಿಳಿಯುತ್ತದೆ.